ಮೆಣಸಿನ ರೇಟು ಹುಟ್ಟುವ ಬೀದಿ: ಮಟ್ಟಾಂಚೇರಿ

ಮೂಡಿಗೆರೆ ಕಡೆ ಕಾಳುಮೆಣಸು ಬೆಳೆಯುವ ನಮಗೆ ಕೊಚ್ಚಿ ಅಂದರೆ ದಿನದ ರೇಟು. ಗಾರ್ಬಲ್ಡ್ (ಹಸನು ಮಾಡಿದ್ದು) ಎಷ್ಟಾಯ್ತು, ಅನ್‌ಗಾರ್ಬಲ್ಡ್ (ಹಸನು ಮಾಡದ್ದು) ಎಷ್ಟಕ್ಕೆ ನಿಂತಿತು ಅಂತ ಮೊಬೈಲ್ ನೋಡದೆ ಮೂಟೆ ಕೊಡುವವರಿಲ್ಲ. ಈ ಸಲ ಕೊಯ್ಲು, ಕಣದ ಕೆಲಸ ಮುಗಿಸಿ ಆ ರೇಟಿನ ಊರನ್ನೇ ನೋಡಿ ಬಂದೆ. ಹೋಗಿ ಬಂದವರೆಲ್ಲ ಫೋರ್ಟ್ ಕೊಚ್ಚಿಯನ್ನು ಹೊಗಳುತ್ತಾರೆ. ಅಲ್ಲಿಗೆ ಅರ್ಧ ದಿನ ಸಾಕು, ಉಳಿದ ಹೊತ್ತನ್ನೆಲ್ಲ ಪಕ್ಕದ ಹಳೆಯ ಮಸಾಲೆ ಪೇಟೆ ಮಟ್ಟಾಂಚೇರಿಗೆ ಕೊಡಿ ಅನ್ನುವವನು ನಾನು.

ಎರ್ನಾಕುಲಂನಿಂದ ರಸ್ತೆ ಹಿಡಿಯಬೇಡಿ, ನೀರಿನ ಮೇಲೆ ಹೋಗಿ. ಹೈಕೋರ್ಟ್ ಹತ್ತಿರದಿಂದ ವಾಟರ್ ಮೆಟ್ರೋ ಇದೆ. ಬ್ಯಾಟರಿಯಲ್ಲಿ ಓಡುವ ಎಸಿ ಬೋಟುಗಳು, ಅದೇ ಊರಿನ ಶಿಪ್‌ಯಾರ್ಡ್ ಕಟ್ಟಿದ್ದು, ಬಲು ಚೊಕ್ಕ. ನನಗೆ ಮಾತ್ರ ಹಳೆಯ ಸರ್ಕಾರಿ ಬೋಟೇ ಹೆಚ್ಚು ಹಿಡಿಸಿತು. ಟಿಕೆಟ್ ಕೆಲವೇ ರೂಪಾಯಿ, ಉಪ್ಪುಗಾಳಿ ನೇರ ಮುಖಕ್ಕೆ. ದಾರಿಯಲ್ಲಿ ಸಿಗುವ ವಿಲಿಂಗ್ಡನ್ ದ್ವೀಪ ಬಂದರಿನ ಹೂಳೆತ್ತಿದ ಮಣ್ಣಿನಿಂದಲೇ ಬೆಳೆದದ್ದು. ರಾಬರ್ಟ್ ಬ್ರಿಸ್ಟೋ ಎಂಬ ಇಂಜಿನಿಯರ್ 1920ರ ದಶಕದಲ್ಲಿ ಶುರುಮಾಡಿದ ಕೆಲಸ ಅದು.

ಫೋರ್ಟ್ ಕೊಚ್ಚಿಯಲ್ಲಿ ಚೀನೀ ಬಲೆಗಳ ಹತ್ತಿರ ಸ್ವಲ್ಪ ನಿಲ್ಲಿ. ಹಗ್ಗಕ್ಕೆ ಕಟ್ಟಿದ ಕಲ್ಲುಗಳ ಭಾರದಿಂದ ಅಷ್ಟು ದೊಡ್ಡ ಬಲೆ ಮೇಲೇಳುವುದನ್ನು ಕಣ್ಣಾರೆ ನೋಡಬೇಕು. ಸೇಂಟ್ ಫ್ರಾನ್ಸಿಸ್ ಚರ್ಚಿನಲ್ಲಿ ವಾಸ್ಕೋ ಡ ಗಾಮನನ್ನು 1524ರಲ್ಲಿ ಹೂಳಿದ ಜಾಗವಿದೆ. ಎಲುಬುಗಳನ್ನು ಆಮೇಲೆ ಪೋರ್ಚುಗಲ್ಲಿಗೆ ಒಯ್ದರು. ದಡದ ತುಂಬ ಕಸ, ಕೊಳೆತ ಜಲಸಸ್ಯ. ಇಷ್ಟು ಹೆಸರಿರುವ ತೀರಕ್ಕೆ ಅದು ಒಪ್ಪುವುದಿಲ್ಲ.

ಮಟ್ಟಾಂಚೇರಿ ಅರಮನೆಯನ್ನು ಪೋರ್ಚುಗೀಸರು ಕಟ್ಟಿಸಿ ಕೊಚ್ಚಿ ರಾಜನಿಗೆ ಕೊಟ್ಟರು, ಡಚ್ಚರು ದುರಸ್ತಿ ಮಾಡಿಸಿದರು. ರಾಜನ ಮಲಗುವ ಕೋಣೆಯ ಗೋಡೆಗಳ ಮೇಲಿನ ರಾಮಾಯಣದ ಚಿತ್ರಗಳಿಗೆ ಅವಸರ ಮಾಡಬೇಡಿ. ಪಕ್ಕದ ಯಹೂದಿ ಬೀದಿಯ ಪರದೇಸಿ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) 1568ರದ್ದು. ನೆಲಕ್ಕೆ ಹಾಸಿದ ನೀಲಿ ಚೀನೀ ಬಿಲ್ಲೆಗಳ ಮೇಲೆ ಬರಿಗಾಲಲ್ಲಿ ನಡೆಯುವಾಗ ಹೆಜ್ಜೆ ತಾನೇ ಹಗುರಾಗುತ್ತದೆ. ಹೊರಗಿನ ಅಂಗಡಿಗಳಲ್ಲಿ ಮಸಾಲೆ ಪೊಟ್ಟಣ ಕೊಳ್ಳಬೇಡಿ, ಅದು ಪ್ರವಾಸಿಗರ ರೇಟು.

ಅಲ್ಲಿಂದ ಬಜಾರ್ ರೋಡಿಗೆ ನಡೆಯಿರಿ. ಗೋದಾಮುಗಳ ಮುಂಬಾಗಿಲು ರಸ್ತೆಗೆ, ಹಿಂಬಾಗಿಲು ನೀರಿಗೆ. ಒಂದು ಕಾಲಕ್ಕೆ ಮೂಟೆ ದೋಣಿಯಿಂದ ಇಳಿದು ನೇರ ಒಳಗೆ ಬರುತ್ತಿತ್ತು. ಈಗ ಲಾರಿಯಲ್ಲಿ ಬರುತ್ತದೆ. ಒಣಶುಂಠಿಯ ಘಾಟು ಬೀದಿಯ ಆ ತುದಿಯಿಂದಲೇ ಮೂಗಿಗೆ ಹತ್ತುತ್ತದೆ. ಒಂದು ಮಂಡಿಯೊಳಗೆ ಹೆಂಗಸರು ಸಾಲಾಗಿ ಕೂತು ಶುಂಠಿ ಆರಿಸುತ್ತಿದ್ದರು. ಗಲ್ಲೆಯಲ್ಲಿದ್ದ ಹಿರಿಯರು ಕೊಂಕಣಿಯವರು. ಗೋವೆಯಿಂದ ಬಂದ ಗೌಡ ಸಾರಸ್ವತರು ಇಲ್ಲಿ ನೂರಾರು ವರ್ಷಗಳಿಂದ ವ್ಯಾಪಾರ ಮಾಡಿಕೊಂಡಿದ್ದಾರೆ, ಇಲ್ಲಿನ ತಿರುಮಲ ದೇವಸ್ಥಾನವೂ ಅವರದೇ. ನಮ್ಮ ಮನೆಮಾತೂ ಕೊಂಕಣಿಯಾದ್ದರಿಂದ 'ಮಾಮ್' ಎಂದು ಕರೆದು ನಾಲ್ಕು ಮಾತಾಡಿದೆ. ಮೂಡಿಗೆರೆ ಅಂದದ್ದೇ ತಡ, ಮೂಟೆಯೊಳಗೆ ಕೈಹಾಕಿ ಒಂದು ಹಿಡಿ ಮೆಣಸು ತೆಗೆದು ನನ್ನ ಅಂಗೈಗೆ ಸುರಿದರು. "ನಿಮ್ಮ ಕಡೆಯದೇ. ಈಗ ಕೇರಳಕ್ಕಿಂತ ಹೆಚ್ಚು ಬೆಳೆಯುವವರು ನೀವೇ ಅಲ್ಲವೋ?" ಲೀಟರ್ ತೂಕ (ಒಂದು ಲೀಟರ್ ಅಳತೆ ಮೆಣಸಿನ ತೂಕ) ಎಷ್ಟು ಬರುತ್ತದೆ, ಎಷ್ಟು ಒಣಗಿಸುತ್ತೀರಿ ಅಂತ ಕೇಳಿದರು. ತೋಟದ ಬಗ್ಗೆ ಇಷ್ಟು ಕಾಳಜಿಯಿಂದ ನನ್ನನ್ನು ಯಾವ ಖರೀದಿದಾರನೂ ಕೇಳಿರಲಿಲ್ಲ.

ಆ ಸಾಲಿನ ಹಲವು ಗೋದಾಮುಗಳು ಈಗಾಗಲೇ ಕೆಫೆ, ಗ್ಯಾಲರಿಗಳಾಗಿವೆ. ಕಟ್ಟಡ ಉಳಿಯಿತಲ್ಲ ಎನ್ನುವುದು ಸರಿಯೇ. ಆದರೂ ಮೂಟೆ ಇರುವ ಗೋದಾಮು ನೋಡಬೇಕೆಂದಿದ್ದರೆ ಮುಂದಕ್ಕೆ ಹಾಕಬೇಡಿ.

ಊಟಕ್ಕೆ ಕಾಯೀಸ್ ಎಂದೇ ಹೆಸರಾದ ರಹಮತುಲ್ಲಾ ಹೋಟೆಲಿನ ಬಿರಿಯಾನಿ. ಸಣ್ಣಕ್ಕಿಯದು, ಖಾರ ಹದ. ಮಧ್ಯಾಹ್ನ ಬೇಗ ಹೋಗಿ. ಅರಮನೆಗೆ ಶುಕ್ರವಾರ ರಜೆ, ಸಿನಗಾಗ್‌ಗೆ ಶನಿವಾರ. ಭಾನುವಾರ ಮಂಡಿಗಳಲ್ಲಿ ಕೆಲಸವಿರುವುದಿಲ್ಲ. ಸೋಮವಾರದಿಂದ ಗುರುವಾರದೊಳಗೆ, ಲಾರಿ ಇಳಿಸುವ ಬೆಳಗಿನ ಹೊತ್ತಿಗೆ ಬಜಾರ್ ರೋಡಿನಲ್ಲಿರಿ.