ಒಂದು ಕ್ವಿಂಟಾಲು ಅಡಿಕೆ ಕೊಟ್ಟು ಸೇರಿದ ಬಿಸಿನೆಸ್ ಫ್ರಾಟರ್ನಿಟಿ: ಮಾವನ ರಿವ್ಯೂ

ದುಡ್ಡು ಕೊಟ್ಟದ್ದು ನಾನು, ಹಾಗಾಗಿ ರಿವ್ಯೂ ಬರೆಯುದೂ ನಾನೇ. ಅಕ್ಕನ ಮಗ ಅಮೆರಿಕದಲ್ಲಿ ಬಿಸಿನೆಸ್ ಡಿಗ್ರಿ ಓದ್ತಿದ್ದಾನೆ, ಎರಡನೇ ಸೆಮಿಸ್ಟರಲ್ಲಿ ಫೋನ್ ಮಾಡಿ "ಮಾವ, ಇಲ್ಲಿ ಕಾಲೇಜಲ್ಲಿ ಬಿಸಿನೆಸ್ ಫ್ರಾಟರ್ನಿಟಿ ಅಂತ ಉಂಟು, ಸೇರ್ಲಾ?" ಅಂದ. ಎಂತ ಅದು ಕೇಳಿದ್ರೆ, ಬಿಸಿನೆಸ್ ಓದುವ ಮಕ್ಕಳು ಸೇರಿ ಮಾಡ್ಕೊಂಡ, ಗ್ರೀಕ್ ಅಕ್ಷರದ ಹೆಸರಿನ ಸಂಘಗಳು, ಆಲ್ಫಾ ಕಪ್ಪಾ ಸೈ ಅಂತೆಲ್ಲ ಉಂಟು ಅಂತ ಶುರು ಮಾಡಿದ. ಪಕ್ಕದಲ್ಲಿದ್ದ ಅಮ್ಮ "ಕಪ್ಪವಾ? ಮರಗೆಣಸು ತಿನ್ಲಿಕ್ಕೆ ಅಲ್ಲಿವರೆಗೆ ಹೋಗ್ಬೇಕಿತ್ತಾ?" ಅಂದ್ರು. ಕಾಸರಗೋಡು ಕಡೆಯ ಬದಿಯಡ್ಕದಲ್ಲಿ ಕೂತವರಿಗೆ ಕಪ್ಪ ಅಂದ್ರೆ ಅದೇ ಅಲ್ವಾ ಮಾರಾಯ್ರೆ. ಇವ ಸೇರಿದ್ದು ಬೇರೆ ಒಂದು ಸಂಘ, ಹೆಸರು ಬೇಡ.

ಫೀಸು, ಕೋಟು, ಟೈ, ಶೂ ಎಲ್ಲ ಸೇರಿ ಹತ್ರ ಹತ್ರ ಒಂದು ಕ್ವಿಂಟಾಲು ಅಡಿಕೆಯ ದುಡ್ಡು ಹೋಯ್ತು. ದುಡ್ಡು ಕೊಟ್ರೂ ಸುಮ್ನೆ ಸೇರಿಸುದಿಲ್ಲ, ಮೊದಲು ಇಂಟರ್‌ವ್ಯೂ, ಆಮೇಲೆ ಎಷ್ಟೋ ವಾರ ಟ್ರೇನಿಂಗು, ಹಳೇ ಮೆಂಬರುಗಳ ಹೆಸರು, ಇಂಥ ಸಂಘಗಳು ಹುಟ್ಟಿದ ಇತಿಹಾಸ ಎಲ್ಲ ಬಾಯಿಪಾಠ.

ಆ ಇತಿಹಾಸ ಮಾತ್ರ ನಂಗೆ ಭಾರೀ ಇಷ್ಟ ಆಯ್ತು. ನ್ಯೂಯಾರ್ಕ್ ಯೂನಿವರ್ಸಿಟಿಯಲ್ಲಿ 1900ರಲ್ಲಿ ಕಾಮರ್ಸ್ ಸ್ಕೂಲ್ ಶುರುವಾದದ್ದು, ಅಲ್ಲಿ ಓದ್ತಿದ್ದ ಬ್ರೂಕ್ಲಿನ್ ಕಡೆಯ ನಾಲ್ಕು ಜನ ರಾತ್ರಿ ಕ್ಲಾಸ್ ಬಿಟ್ಟ ಮೇಲೆ ಬ್ರೂಕ್ಲಿನ್ ಸೇತುವೆ ಮೇಲೆ ಒಟ್ಟಿಗೆ ಮಾತಾಡ್ಕೊಂಡು ನಡ್ಕೊಂಡೇ ಮನೆಗೆ ಹೋಗ್ತಿದ್ರಂತೆ, ಆ ನಡಿಗೆಯಲ್ಲೇ ಸಂಘದ ಯೋಚನೆ ಹುಟ್ಟಿ 1904 ಅಕ್ಟೋಬರ್ 5ಕ್ಕೆ ಹತ್ತು ಜನ ಸೇರಿ ಆಲ್ಫಾ ಕಪ್ಪಾ ಸೈ ಕಟ್ಟಿದ್ರು. 1907ರಲ್ಲಿ ಅದೇ ಸ್ಕೂಲಲ್ಲಿ ಬೇರೆ ನಾಲ್ಕು ಜನ ಡೆಲ್ಟಾ ಸಿಗ್ಮಾ ಪೈ ಶುರು ಮಾಡಿದ್ರು, ಒಂದೂರಲ್ಲಿ ಒಂದೇ ಯಕ್ಷಗಾನ ಸಂಘ ಇದ್ರೆ ಸಾಕಾಗ್ತದಾ ಹೇಳಿ. 1910ಕ್ಕೆ ಆಲ್ಫಾ ಕಪ್ಪಾ ಸೈಗೆ ಡೆನ್ವರಲ್ಲಿ ಎರಡನೇ ಚಾಪ್ಟರ್ ಅಂದ್ರೆ ಶಾಖೆ, ಮತ್ತೆ ಊರೂರಿಗೆ. ಹುಡುಗಿಯರನ್ನು ಸೇರಿಸ್ಲಿಕ್ಕೆ ಮಾತ್ರ ಎಪ್ಪತ್ತು ವರ್ಷ ಬೇಕಾಯ್ತು, ಅದೂ ಓದಿನಲ್ಲಿ ಗಂಡು ಹೆಣ್ಣು ಭೇದ ಮಾಡ್ಬಾರದು ಅಂತ 1972ರ ಟೈಟಲ್ ನೈನ್ ಕಾನೂನು ಬಂದ ಮೇಲೆ.

ನಂಗೆ ನೆನಪಾದದ್ದು ನಮ್ಮ ಅಡಿಕೆ ಬೆಳೆಗಾರರ ಸಹಕಾರಿ ಸಂಘ ಕ್ಯಾಂಪ್ಕೊ. ಅಡಿಕೆ ಕ್ರಯ ಬಿದ್ದು ಬೆಳೆಗಾರರು ಕಂಗಾಲಾದ ಹೊತ್ತಿಗೆ ವಾರಣಾಶಿ ಸುಬ್ರಾಯ ಭಟ್ಟರು ಮುಂದೆ ನಿಂತು ಕರ್ನಾಟಕ, ಕೇರಳ ಎರಡೂ ಕಡೆಯವರನ್ನು ಸೇರಿಸಿ 1973ರಲ್ಲಿ ಕಟ್ಟಿದ್ದು. ಆದ್ರೆ ಅಲ್ಲಿ ಅಡಿಕೆ ತೂಗಿ ಕೊಟ್ರೆ ದುಡ್ಡು ಬರ್ತದೆ. ಇಲ್ಲಿ?

ಇಲ್ಲಿ ಬಂದದ್ದು ಒಂದು ರೆಸ್ಯೂಮೆ. ಸೀನಿಯರ್ ಹುಡುಗಿಯೊಬ್ಳು ಅವನಿಂದ ಏಳು ಸಲ ತಿದ್ದಿ ಬರೆಸಿದ್ಳು. ಇವ ನಾಚಿಕೆ ಆಗಿ ಕೆಳಗೆಲ್ಲೋ ಸಣ್ಣದಾಗಿ "ಮನೆಯ ತೋಟ" ಅಂತ ಹಾಕಿದ್ದ, ಅವಳು ಅದನ್ನೇ ಹಿಡ್ಕೊಂಡು ಎಷ್ಟು ಮರ, ಎಷ್ಟು ಆಳು, ಲೆಕ್ಕ ಯಾರು ಇಡುದು ಅಂತ ಕೇಳಿ ಮೇಲೆ ತಂದು ಹಾಕಿಸಿದ್ಳು. ರಾತ್ರಿ ಹನ್ನೊಂದಕ್ಕೆ ನಂಗೆ ಫೋನು: "ಮಾವ, ಕೊಳೆರೋಗಕ್ಕೆ ಬೋರ್ಡೋ ಮದ್ದು ಎಷ್ಟು ಸಲ ಬಿಡ್ಸುದು? ಒಂದು ಸಲಕ್ಕೆ ಖರ್ಚೆಷ್ಟು?" ಊರಲ್ಲಿದ್ದಾಗ ತೋಟಕ್ಕೆ ಕಾಲಿಡದವ! ಇಂಟರ್ನ್‌ಶಿಪ್ ಇಂಟರ್‌ವ್ಯೂನಲ್ಲಿ ಕಾಲು ಗಂಟೆ ಅದೇ ಮಾತಂತೆ, ಸಿಕ್ಕಿತು ಕೂಡ.

ಇನ್ನು ಕಿರಿಕಿರಿ. ಅಜ್ಜನ ಬೊಜ್ಜದ, ಅಂದ್ರೆ ಉತ್ತರಕ್ರಿಯೆಯ ದಿನ ಇವ ಅಲ್ಲಿಂದ ವಿಡಿಯೋ ಕಾಲಲ್ಲಿ ಕೂತಿದ್ದ, ಅಲ್ಲಿಯ ಲೆಕ್ಕಕ್ಕೆ ಭಾನುವಾರ ರಾತ್ರಿ, ಮೀಟಿಂಗ್ ತಪ್ಪಿತು, ಅದಕ್ಕೆ ಫೈನು. ಮೊದಲೇ ಫಾರಂ ತುಂಬ್ಬೇಕಿತ್ತಂತೆ. ಬೊಜ್ಜಕ್ಕೂ ಫಾರಮ್ಮಾ? ಒಟ್ಟಿಗೆ ನಡ್ಕೊಂಡು ಹೋಗ್ತಿದ್ದವರ ಕಥೆ ಬಾಯಿಪಾಠ ಮಾಡಿಸುವವರಿಗೆ ಒಂದು ಫೋನ್ ಮಾಡಿ ಎಂತಾಯ್ತು ಕೇಳ್ಲಿಕ್ಕೆ ಆಗ್ಲಿಲ್ಲ, ಕೇಳಿದ್ದು ಆ ರೆಸ್ಯೂಮೆ ಹುಡುಗಿ ಒಬ್ಳೇ.

ಐದರಲ್ಲಿ ಮೂರೂವರೆ ಸ್ಟಾರ್, ಅದರಲ್ಲಿ ಮೂರು ಅವಳಿಗೆ. ರಜೆಗೆ ಬರುವಾಗ ಕೋಟು ತಂದಿದ್ದ, ಜುಲೈ ಮಳೆಗೆ ಬೂಷ್ಟು ಹಿಡಿಯಿತು, ಅಕ್ಕ ಬಚ್ಚಲೊಲೆ ಹತ್ರ ಒಣಗಿಸಿ ಕಳಿಸಿದ್ದಾಳೆ, ಈಗ ಮೀಟಿಂಗಲ್ಲೆಲ್ಲ ಹೊಗೆ ವಾಸನೆಯಂತೆ.