ಮನೆ ವೆಬ್‌ಕ್ಯಾಮ್‌ಗೆ ಮೋಷನ್ ಒಳ್ಳೇದಾ, ಎಂಜೆಪಿಜಿ-ಸ್ಟ್ರೀಮರ್ ಒಳ್ಳೇದಾ?

ಶಿರಸಿ ಕಡೆಯ ನಮ್ಮ ಮನೆ ಅಂಗಳದಲ್ಲಿ ಅಡಿಕೆ ಒಣ ಹಾಕಿದಾಗ ಮಂಗ ಬಂತಾ, ಮೋಡ ಕಟ್ಟಿತಾ ಅಂತ ಬೆಂಗಳೂರಿನಿಂದಲೇ ನೋಡಬೇಕಿತ್ತು. ಅದಕ್ಕೆ ಹಳೇ ರಾಸ್ಪ್‌ಬೆರಿ ಪೈ (ಅಂಗೈಯಗಲದ ಪುಟ್ಟ ಕಂಪ್ಯೂಟರ್), ಯುಎಸ್‌ಬಿ ವೆಬ್‌ಕ್ಯಾಮ್ ಇಟ್ಟು, ವೆಬ್‌ಕ್ಯಾಮ್ ವಿಡಿಯೊವನ್ನು ನೆಟ್‌ವರ್ಕ್ ಮೇಲೆ ತೋರಿಸುವ ಮೋಷನ್, ಎಂಜೆಪಿಜಿ-ಸ್ಟ್ರೀಮರ್ ಎಂಬ ಎರಡೂ ತಂತ್ರಾಂಶ ಓಡಿಸಿ ನೋಡಿದೆ.

ಎಂಜೆಪಿಜಿ-ಸ್ಟ್ರೀಮರ್ ಹಗುರ. ಕ್ಯಾಮೆರಾ ಕೊಟ್ಟ ಜೆಪೆಗ್ ಚಿತ್ರವನ್ನು ಹಾಗೇ ಮುಂದೆ ದಾಟಿಸುತ್ತದೆ, ಪೈ ಬಿಸಿಯೇ ಆಗುವುದಿಲ್ಲ. ಮೋಷನ್ ಹಾಗಲ್ಲ. ಪ್ರತಿ ಚಿತ್ರವನ್ನೂ ಬಿಚ್ಚಿ ಹಿಂದಿನದರ ಜೊತೆ ಹೋಲಿಸುತ್ತದೆ, ಏನಾದರೂ ಅಲುಗಾಡಿದರೆ ಫೋಟೋ ತೆಗೆದಿಡುತ್ತದೆ. ಮಂಗ ಹಿಡಿಯಲು ಇದೇ ಸರಿ. ಆದರೆ ಗಾಳಿಗೆ ತೆಂಗಿನ ಗರಿ ಆಡಿದ್ದಕ್ಕೂ ಫೋಟೋ ತೆಗೆದು ಕಾರ್ಡ್ ತುಂಬಿಸುತ್ತಿತ್ತು. ಮರ ಇರುವ ಭಾಗಕ್ಕೆ ಕಪ್ಪು ಬಳಿದ ಮಾಸ್ಕ್ ಚಿತ್ರ ಕೊಟ್ಟ ಮೇಲೆ ಸುಮ್ಮನಾಯಿತು.

ವಿಡಿಯೊ ತಡೆತಡೆದು ಬಂದರೆ ಎರಡರಲ್ಲೂ ಮೊದಲು ನೋಡಬೇಕಾದದ್ದು ಕ್ಯಾಮೆರಾ ಯಾವ ರೂಪದಲ್ಲಿ ಚಿತ್ರ ಕೊಡುತ್ತಿದೆ ಅಂತ. ವೈಯುವೈವಿ (ಕುಗ್ಗಿಸದ ಕಚ್ಚಾ ರೂಪ) ಆಗಿದ್ದರೆ 1280×720 ಅಳತೆಯಲ್ಲಿ ಸೆಕೆಂಡಿಗೆ 30 ಚಿತ್ರಕ್ಕೆ ಸುಮಾರು 55 ಎಂಬಿ ಬೇಕು, ಅಷ್ಟನ್ನು ಯುಎಸ್‌ಬಿ 2.0 ಹೊರುವುದಿಲ್ಲ, ಪ್ರತಿ ಚಿತ್ರವನ್ನೂ ಜೆಪೆಗ್ ಆಗಿ ಕುಗ್ಗಿಸಿ ಕಳಿಸುವ ಎಂಜೆಪಿಜಿಗೆ ಬದಲಾಯಿಸಿ. ಕ್ಯಾಮೆರಾ ಆಗಾಗ ಮಾಯವಾದರೆ ಅಡಾಪ್ಟರ್ ಮೇಲೆ ಅನುಮಾನ ಪಡಿ, ಮೊಬೈಲ್ ಚಾರ್ಜರ್ ಸಾಲುವುದಿಲ್ಲ. ಇನ್ನು ಎರಡೂ ತಂತ್ರಾಂಶ ಒಟ್ಟಿಗೆ ಒಂದೇ ಕ್ಯಾಮೆರಾ ಹಿಡಿಯಲು ಹೋದರೆ ‘ಬ್ಯುಸಿ’ ಅನ್ನುತ್ತದೆ, ಅಷ್ಟೇ.

ಭದ್ರತೆಯಲ್ಲಿ ಮೋಷನ್ ಜಾಣ. ಹೊಸದಾಗಿ ಹಾಕಿದಾಗ ಅದೇ ಯಂತ್ರಕ್ಕೆ ಬಿಟ್ಟು ಬೇರೆ ಯಾರಿಗೂ ವಿಡಿಯೊ ತೋರಿಸುವುದಿಲ್ಲ. ‘ಫೋನಿನಲ್ಲಿ ಬರ್ತಿಲ್ಲ’ ಅಂತ ತಲೆ ಕೆಡಿಸಿಕೊಳ್ಳುವವರು ಈ ಸೆಟ್ಟಿಂಗ್ ನೋಡಿರುವುದಿಲ್ಲ. ಎಂಜೆಪಿಜಿ-ಸ್ಟ್ರೀಮರ್ 8080 ಪೋರ್ಟನ್ನು, ಅಂದರೆ ತನ್ನ ನೆಟ್‌ವರ್ಕ್ ಬಾಗಿಲನ್ನು, ಪಾಸ್‌ವರ್ಡ್ ಇಲ್ಲದೆ ತೆರೆದಿಡುತ್ತದೆ. ಪಾಸ್‌ವರ್ಡ್ ಕೊಟ್ಟರೂ ಗೂಢಲಿಪಿ ಇಲ್ಲದ ಸಾದಾ ಎಚ್‌ಟಿಟಿಪಿಯಲ್ಲಿ ಅದು ಬಟಾಬಯಲಲ್ಲೇ ಹೋಗುತ್ತದೆ.

ಹೊರಗಿನಿಂದ ನೋಡಲು ರೌಟರಿನಲ್ಲಿ ಪೋರ್ಟ್ ಫಾರ್ವರ್ಡ್ ಮಾಡುವುದು (ಹೊರಗಿನಿಂದ ಬಂದ ಸಂಪರ್ಕವನ್ನು ಪೈಗೆ ದಾಟಿಸುವುದು) ಹಳೇ ದಾರಿ. ನನ್ನ ಮಟ್ಟಿಗೆ ಬೇಡವೇ ಬೇಡ. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶ ಹೊಕ್ಕಿದ್ದು ಕಂಪನಿ ಹಾಕಿ ಕೊಟ್ಟ ಪಾಸ್‌ವರ್ಡನ್ನೇ ಬಿಟ್ಟುಕೊಂಡು ಇಂಟರ್ನೆಟ್ಟಿಗೆ ತೆರೆದುಕೊಂಡಿದ್ದ ಇಂಥ ಕ್ಯಾಮೆರಾ, ರೌಟರುಗಳಿಗೇ ಅಲ್ವಾ? ಮೇಲಾಗಿ ರೌಟರಿನ ಹೊರ ವಿಳಾಸ 100.64ರಿಂದ 100.127ರೊಳಗೆ ಶುರುವಾದರೆ ನೀವು ಸಿಜಿನ್ಯಾಟ್ (ಇಂಟರ್ನೆಟ್ ಕಂಪನಿ ಒಂದೇ ಪಬ್ಲಿಕ್ ವಿಳಾಸವನ್ನು ಹಲವು ಮನೆಗೆ ಹಂಚುವ ವ್ಯವಸ್ಥೆ) ಹಿಂದೆ ಇದ್ದೀರಿ, ಫಾರ್ವರ್ಡ್ ಕೆಲಸವೇ ಮಾಡುವುದಿಲ್ಲ. ಎರಡು ಯಂತ್ರಗಳ ನಡುವೆ ಗುಪ್ತ ಸುರಂಗ ಕಟ್ಟುವ ವೈರ್‌ಗಾರ್ಡ್ ಒಂದನ್ನೇ ಹಾಕಿದರೂ ಒಂದು ತುದಿಯಲ್ಲಾದರೂ ಪಬ್ಲಿಕ್ ವಿಳಾಸ ಬೇಕು. ಅದರ ಮೇಲೇ ಕಟ್ಟಿದ ಟೇಲ್‌ಸ್ಕೇಲ್‌ಗೆ ಆ ರಗಳೆ ಇಲ್ಲ, ಪೈಗೂ ಫೋನಿಗೂ ಹಾಕಿದರೆ ಮುಗೀತು. ಒಂದು ನೆನಪಿಡಿ: ಟೇಲ್‌ಸ್ಕೇಲ್ ಕೀ (ಯಂತ್ರದ ಲಾಗಿನ್ ಗುರುತು) ತಾನಾಗಿ 180 ದಿನಕ್ಕೆ ಮುಗಿಯುತ್ತದೆ. ಪೈ ಮಟ್ಟಿಗೆ ಅದನ್ನು ಆಫ್ ಮಾಡಿಡಿ, ಇಲ್ಲದಿದ್ದರೆ ಲಾಗಿನ್ ಮಾಡಲು ಊರಿಗೇ ಹೋಗಬೇಕಾಗಬಹುದು.