ಮಿಲಿಟರಿ ಸಂದೇಶ ಬಿಡಿಸೋಕೆ ಡ್ಯಾಫೊಡಿಲ್, ಕೈಟಾಯ್, ಪೈಥಾನ್: ಮೂರನ್ನೂ ಬಳಸಿ ನೋಡಿದೆ

ಕಳೆದ ವರ್ಷ 40,000 ರೂಪಾಯಿ ಕೊಟ್ಟು ಒಂದು ಡಿಕೋಡರ್ ಸಾಫ್ಟ್‌ವೇರ್ ತಗೊಂಡೆ. ಯಾವ ಕಂಪನಿಯದ್ದು ಅನ್ನೋದು ಬೇಡ. ಬರೀ ಬಿಟ್‌ಗಳ, ಅಂದರೆ 0 ಮತ್ತು 1ರ, ಬೈನರಿ ಫೈಲ್ ಕೊಟ್ಟರೆ ಚಂದದ ಟೇಬಲ್ ಬರುತ್ತಿತ್ತು. ಆದರೆ ಯಾವ ಬಿಟ್‌ನಿಂದ ಯಾವ ಸಂಖ್ಯೆ ಬಂತು ಅಂತ ತೋರಿಸುತ್ತಿರಲಿಲ್ಲ. ಪರಿಶೀಲನೆಗೆ ಅಂತ ತಂದ ಸಾಮಾನನ್ನೇ ಪರಿಶೀಲಿಸೋಕೆ ಆಗದಿದ್ದರೆ ಏನು ಪ್ರಯೋಜನ? ದುಡ್ಡು ವಾಪಸ್ ಬರಲಿಲ್ಲ. ಆಮೇಲೆ ಪುಕ್ಕಟೆ ಸಿಗುವ ಮೂರು ದಾರಿ ಹಿಡಿದೆ: ಪೈಥಾನ್ ಭಾಷೆಯಲ್ಲಿ ನಾನೇ ಕೋಡ್ ಬರೆಯೋದು, ಇಲ್ಲವೇ ಬೈನರಿ ಬಿಡಿಸುವ ಸಾಧನಗಳಾದ ಕೈಟಾಯ್, ಡ್ಯಾಫೊಡಿಲ್. ಈಗ ಕೈಯಲ್ಲಿ ಉಳಿದಿರುವುದು ಅಪಾಚೆ ಡ್ಯಾಫೊಡಿಲ್.

ಭಾನುವಾರ ಕುವೆಂಪುನಗರದ ನಮ್ಮ ಮಹಡಿ ಕೋಣೆಗೆ ನಾಲ್ಕು ಜನ ಇಂಜಿನಿಯರಿಂಗ್ ಹುಡುಗರು ಬರುತ್ತಾರೆ. ಇಬ್ಬರು ಮಂಡ್ಯದಿಂದ ರೈಲಿನಲ್ಲಿ. ನಾವು ಎತ್ತಿಕೊಂಡಿದ್ದು ಅಮೆರಿಕದ ಮಿಲಿಟರಿ ಮಾನದಂಡ ಮಿಲ್-ಎಸ್‌ಟಿಡಿ-2045-47001. ವಿಎಂಎಫ್ ಅನ್ನುವ ಮಿಲಿಟರಿ ಸಂದೇಶಗಳ ಮುಂದೆ ಕೂರುವ ಹೆಡರ್ (ತಲೆಭಾಗ) ಅದು. ಯಾರು ಕಳಿಸಿದರು, ಯಾರಿಗೆ, ಯಾವಾಗ ಅನ್ನೋದೆಲ್ಲ ಅದರಲ್ಲೇ ಇರುತ್ತದೆ. ಪರೀಕ್ಷೆಗೆ ಬೇಕಾದ ಸಂದೇಶಗಳನ್ನು ನಾವೇ ಕೈಯಾರೆ ಕಟ್ಟಿದೆವು. ಸರಿ ತಪ್ಪು ಹೇಳುವವರು ಪಕ್ಕದ ಬೀದಿಯಲ್ಲಿರುವ, ಸೇನೆಯ ಸಿಗ್ನಲ್ಸ್ (ಸಂಪರ್ಕ) ವಿಭಾಗದ ನಿವೃತ್ತ ಸುಬೇದಾರರು. ಅವರಿಗೆ ಪ್ರೋಗ್ರಾಮಿಂಗ್ ಬರಲ್ಲ, ಸಂದೇಶ ಓದೋಕೆ ಬರುತ್ತೆ. ಹಾಗಾಗಿ ನನ್ನ ಅಳತೆಗೋಲು ಒಂದೇ: ಅವರು ಓದಿ ಸಹಿ ಹಾಕುವ ಹಾಗಿರಬೇಕು.

ಮೂರೂ ಕಡೆ ಕಾಡಿದ್ದು ಬಿಟ್‌ಗಳ ಕ್ರಮ. ಈ ಹೆಡರ್‌ನಲ್ಲಿ ಅಕ್ಷರಗಳಿಗೆ 8 ಬಿಟ್ ಇಲ್ಲ, 7 ಬಿಟ್. ರೇಡಿಯೋದಲ್ಲಿ ಜಾಗ ಕಡಿಮೆ ಅಲ್ವಾ, ಒಂದೊಂದು ಬಿಟ್ಟೂ ಉಳಿತಾಯ. ಜೊತೆಗೆ ಪ್ರತಿ ಬೈಟನ್ನೂ (8 ಬಿಟ್‌ನ ಕಟ್ಟು) ಬಲಗಡೆಯಿಂದ, ಅಂದರೆ ಚಿಕ್ಕ ಬೆಲೆಯ ಬಿಟ್‌ನಿಂದ ತುಂಬುತ್ತಾರೆ. ನಾವು ಮೈಸೂರು ಸ್ಟೇಷನ್ ಕೋಡ್ ಎಂ-ವೈ-ಎಸ್ ಅನ್ನೇ ಹಾಕಿ ನೋಡಿದೆವು. ಎಂ ಅಂದರೆ 1001101, ವೈ ಅಂದರೆ 1011001, ಎಸ್ ಅಂದರೆ 1010011. ತುಂಬಿದ ಮೇಲೆ ಮೊದಲ ಮೂರು ಬೈಟ್ 11001101, 11101100, 11110100 ಆಗುತ್ತವೆ (ಮೂರನೇ ಬೈಟ್‌ನ ಎಡಗಡೆಯ 111, ಹೆಸರು ಮುಗಿಯಿತು ಅನ್ನುವ ಗುರುತಿನ ಶುರು). ಮೊದಲ ಬೈಟ್‌ನ ಎಡತುದಿಯ 1 ಎಂ-ಗೆ ಸೇರಿದ್ದಲ್ಲ, ವೈ-ನ ಕೊನೆಯ ಬಿಟ್.

ಇದನ್ನು ನಮ್ಮ ಅಭ್ಯಾಸದಂತೆ ಎಡದಿಂದ ಏಳೇಳಾಗಿ ಓದಿದರೆ ಏನು ಬರುತ್ತೆ? ಸಣ್ಣ ಅಕ್ಷರದ ಎಫ್, ಒಂದು ಬಾಗಿದ ಬ್ರಾಕೆಟ್, ಆಮೇಲೆ ಕಣ್ಣಿಗೆ ಕಾಣದ ಒಂದು ಕಂಟ್ರೋಲ್ ಗುರುತು. ಮೂರು ಭಾನುವಾರ ನಾವು ಫೈಲೇ ಕೆಟ್ಟಿದೆ ಅಂದುಕೊಂಡಿದ್ದೆವು. ಅಕ್ಷರ ಕೆಟ್ಟರೆ ಕಣ್ಣಿಗಾದರೂ ಕಾಣುತ್ತೆ. ಸಂಖ್ಯೆ ಕೆಟ್ಟರೆ ಇನ್ನೊಂದು ಸಂಖ್ಯೆ ಬರುತ್ತೆ, ಅದೂ ಸರಿಯಾಗೇ ಕಾಣುತ್ತೆ. ನನಗೆ ನಿಜಕ್ಕೂ ಭಯವಾಗಿದ್ದು ಅಲ್ಲಿ. ಇನ್ನೊಂದು ವಿಷಯ: ಇರಬಹುದಾದ, ಇಲ್ಲದಿರಬಹುದಾದ ಪ್ರತಿ ಅಂಶದ ಮುಂದೆ "ಇದೆ" ಅಥವಾ "ಇಲ್ಲ" ಅನ್ನುವ ಒಂದು ಬಿಟ್ ಇರುತ್ತೆ. ಅದೊಂದನ್ನು ತಪ್ಪಾಗಿ ಓದಿದರೆ ಮುಂದಿನದೆಲ್ಲ ಜಾರಿಹೋಗುತ್ತದೆ.

ಪೈಥಾನ್‌ನಲ್ಲಿ ದಾರಿ ಸುಲಭ. ಇಡೀ ಸಂದೇಶವನ್ನು ಲಿಟಲ್ ಎಂಡಿಯನ್ ಆಗಿ (ಮೊದಲ ಬೈಟ್ ಚಿಕ್ಕ ಬೆಲೆಯ ಕಡೆ ಬರುವ ಹಾಗೆ) ಒಂದೇ ದೊಡ್ಡ ಸಂಖ್ಯೆ ಮಾಡಿ, ಕೆಳಗಿನಿಂದ ಬೇಕಾದಷ್ಟು ಬಿಟ್ ಕಿತ್ತುಕೊಂಡರೆ ಆಯಿತು. ಒಂದೇ ಸಂಜೆಯಲ್ಲಿ ಬರೆದೆ. ಆದರೆ ಆ ಕೋಡ್ ಸರಿಯಿದೆ ಅಂತ ಹೇಳೋಕೆ ನಾನೇ ಬೇಕು. ಸುಬೇದಾರರಿಗೆ ಅದು ಹಳೆಯ ಡಿಕೋಡರ್‌ನಷ್ಟೇ ಕತ್ತಲು.

ಕೈಟಾಯ್ ಸ್ಟ್ರಕ್ಟ್ ನೋಡೋಕೆ ಬಹಳ ಚೆನ್ನಾಗಿದೆ. ಬ್ರೌಸರ್‌ನಲ್ಲೇ ಒಂದು ಕಡೆ ಬೈಟ್‌ಗಳು, ಇನ್ನೊಂದು ಕಡೆ ಅರ್ಥ. ಕಲಿಯುವ ಹುಡುಗರಿಗೆ ಇದೇ ಮೊದಲು ಕೊಡಿ. ಬಿಟ್ ಕ್ರಮ ಬದಲಿಸೋಕೂ ಒಂದೇ ಸಾಲು ಸಾಕು. ಆದರೆ ಅದರ ಅಕ್ಷರಗಳು ಬೈಟ್ ಗಡಿಯಿಂದಲೇ ಶುರುವಾಗಬೇಕು. 7 ಬಿಟ್‌ನ ಹೆಸರನ್ನು ಸಂಖ್ಯೆಗಳ ಸಾಲಾಗಿ ಓದಬೇಕಾಯಿತು. ಪರದೆಯ ಮೇಲೆ ಎಂ, ವೈ, ಎಸ್ ಬದಲು ಅವುಗಳ ಸಂಖ್ಯೆಗಳಾದ 77, 89, 83 ಬಂತು. "ಈ 77 ಯಾರಪ್ಪ?" ಅಂತ ಸುಬೇದಾರರು ಕೇಳಿದರು. ಅವರ ಪ್ರಶ್ನೆ ಸರಿಯಾಗೇ ಇತ್ತು.

ಡ್ಯಾಫೊಡಿಲ್‌ನಲ್ಲಿ ಸಂದೇಶದ ರೂಪವನ್ನು ಡಿಎಫ್‌ಡಿಎಲ್ ಅನ್ನುವ ವಿವರಣೆಯಲ್ಲಿ ಬರೆಯಬೇಕು. ಓಪನ್ ಗ್ರಿಡ್ ಫೋರಮ್ 2021ರಲ್ಲಿ ಪೂರ್ಣ ಶಿಫಾರಸು ಮಾಡಿದ ಭಾಷೆ ಇದು. ಬಿಟ್ ಕ್ರಮಕ್ಕೆ, 7 ಬಿಟ್ ಅಕ್ಷರಕ್ಕೆ ಅದರಲ್ಲೇ ಹೆಸರಿದೆ. ಈ ಹೆಡರ್‌ಗೆ ಬರೆದಿಟ್ಟ ಸ್ಕೀಮಾ, ಅಂದರೆ ಅಂಥ ವಿವರಣೆ ಕೂಡ, ಕೋಡ್ ಹಂಚುವ ಗಿಟ್‌ಹಬ್ ತಾಣದಲ್ಲಿ ಸಿಗುತ್ತೆ. ಹೊರಬರುವುದು ಎಕ್ಸ್‌ಎಂಎಲ್, ಅಂದರೆ ಪ್ರತಿ ಅಂಶಕ್ಕೂ ಹೆಸರು ಹಚ್ಚಿದ ಬರಹ. ಅದನ್ನು ಪ್ರಿಂಟ್ ತೆಗೆದು ಪೆನ್ನು ಹಿಡಿದು ಓದಬಹುದು. ಮುಖ್ಯವಾಗಿ ಅದೇ ಸ್ಕೀಮಾ ಎಕ್ಸ್‌ಎಂಎಲ್ ಅನ್ನು ವಾಪಸ್ ಬೈನರಿ ಮಾಡುತ್ತದೆ. ಮೂಲ ಫೈಲ್ ಜೊತೆ ಹೋಲಿಸಿದಾಗ ಒಂದು ಬಿಟ್ಟೂ ಬೇರೆ ಇರಲಿಲ್ಲ. ಆ ದಿನ ನನಗೆ ಸಮಾಧಾನವಾಯಿತು.

ತೊಂದರೆ ಇಲ್ಲ ಅಂತಲ್ಲ. ಜಾವಾ ಬೇಕು. ಸ್ಕೀಮಾ ಉದ್ದ ಜಾಸ್ತಿ. ಮೊದಲ ಎರಡು ವಾರ ಕಷ್ಟ.

ನಿಮ್ಮ ಫಾರ್ಮ್ಯಾಟ್ ಚಿಕ್ಕದು, ಓದುವವರು ನೀವೊಬ್ಬರೇ ಅಂದರೆ ಪೈಥಾನ್ ಸಾಕು. ನನಗೆ ಇನ್ನೊಬ್ಬರ ಕಣ್ಣು ಬೇಕು, ಮತ್ತೆ ದುಡ್ಡು ಹಾಕುವ ಶಕ್ತಿಯೂ ಇಲ್ಲ. ಹಾಗಾಗಿ ಡ್ಯಾಫೊಡಿಲ್.

ಹೋದ ತಿಂಗಳು ಸುಬೇದಾರರು ಒಂದು ಪ್ರಿಂಟ್ ಮೇಲೆ ಕೆಂಪು ಸುತ್ತು ಹಾಕಿ ಕಳಿಸಿದರು. ತಿಂಗಳು 6, ದಿನ 31. ದಿನಕ್ಕೆ 5 ಬಿಟ್ ಇದೆ, 31 ಅದರಲ್ಲಿ ಆರಾಮಾಗಿ ಕೂರುತ್ತೆ. ಸ್ಕೀಮಾ ಅದನ್ನು ತಡೆಯದೆ ಬಿಟ್ಟಿತ್ತು, ಹುಡುಗರೂ ನಾನೂ ನೋಡಿರಲಿಲ್ಲ. ಜೂನ್‌ಗೆ 30 ದಿನ. ಅವತ್ತೇ ಸ್ಕೀಮಾಗೆ ಆ ತಪಾಸಣೆ ಸೇರಿಸಿದೆವು.